ಬಟ್ಟೆಗೊಂಬೆಯ ಶುಶ್ರೂಷೆ

ಮನೆಯೆಂದ ಮೇಲೆ ಅದಕ್ಕೊಂದು ಅಟ್ಟವಿರಬೇಕು. ಅಟ್ಟವೆಂದ ಮೇಲೆ ಅಲ್ಲೊಂದು ಹಳೆಯ ಟ್ರಂಕು ಇರಬೇಕು. ಟ್ರಂಕು ಎಂದ ಮೇಲೆ ಅದರ ತಳದಲ್ಲಿ ಕಿವಿಯಿಲ್ಲದ ಆನೆಯೋ ಬಾಲ ಕಳೆದುಕೊಂಡ ಕುದುರೆಯೋ ಮಲಗಿರಲೇಬೇಕು. ಹಲವು ಮನೆಗಳನ್ನು ಕಂಡ ಮೇಲೆ ನಾನು ತಲುಪಿರುವ ತೀರ್ಮಾನ ಇದು. ಹಿತ್ತಾಳೆಯ ಪಾತ್ರೆ ಹಳತಾದರೆ ತೂಕಕ್ಕೆ ಹೋಗುತ್ತದೆ. ಹಳೆಯ ಪತ್ರಿಕೆಗಳು ರದ್ದಿಯವನ ತಕ್ಕಡಿಯನ್ನು ಏರುತ್ತವೆ. ಆದರೆ ಮನೆಯಲ್ಲಿ ಹೊಲಿದು, ಒಳಗೆ ಹತ್ತಿ ತುಂಬಿ ಮಾಡಿದ ಹಳೆಯ ಬಟ್ಟೆಗೊಂಬೆಗೆ ಯಾವ ಪೇಟೆಯಲ್ಲಿಯೂ ಬೆಲೆಯಿಲ್ಲ. ಬೆಲೆಯಿಲ್ಲವೆಂದು ಅದನ್ನು ಎಸೆಯಲು ಹೊರಟವರ ಕೈ ಏಕೋ ಅರ್ಧದಲ್ಲಿಯೇ ನಿಂತುಬಿಡುತ್ತದೆ. ಗೊಂಬೆ ಮತ್ತೆ ಟ್ರಂಕನ್ನು ಸೇರುತ್ತದೆ.

ಎಸೆಯಲೂ ಆಗದ, ಬಳಸಲೂ ಬಾರದ ಈ ವಸ್ತುಗಳೊಡನೆ ನನಗೆ ಬಹುಕಾಲದ ಒಡನಾಟ. ಅವುಗಳ ಧೂಳನ್ನು ತೆಗೆದು, ಹರಿದುದನ್ನು ಹೊಲಿದು, ಮತ್ತೆ ಮಕ್ಕಳ ಕೈಗೆ ಸೇರಿಸುವುದು ನನ್ನ ಬಿಡುವಿನ ವೇಳೆಯ ಉದ್ಯೋಗ. ನಮ್ಮ ಓಣಿಯ ಮಕ್ಕಳು ನನ್ನನ್ನು ‘ಗೊಂಬೆ ಡಾಕ್ಟರು’ ಎಂದು ಕರೆಯುತ್ತಾರೆ. ಗಂಡಸೊಬ್ಬ ಸೂಜಿದಾರ ಹಿಡಿದು ಜಗುಲಿಯ ಮೇಲೆ ಕುಳಿತುದನ್ನು ಕಂಡು ಮೊದಮೊದಲು ನಕ್ಕವರುಂಟು. ಈಗ ಅವರ ಮನೆಯ ಕರಡಿಯೂ ನನ್ನ ಮೇಜಿನ ಮೇಲೆ ತನ್ನ ಸರದಿಗಾಗಿ ಕಾಯುತ್ತಿದೆ.

ನಮ್ಮ ನಾಡಿನಲ್ಲಿ ಹೆಸರು ಮಾಡಿದ ಗೊಂಬೆಗಳು ಬೇರೆ. ಚನ್ನಪಟ್ಟಣದ ಅರಗಿನ ಬಣ್ಣದ ಮರದ ಗೊಂಬೆಗಳನ್ನು ಅರಿಯದವರಿಲ್ಲ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆಗಳಿಗೆ ಚಿತ್ರಗಾರ ಮನೆತನಗಳ ಕೈಚಳಕದ ಹಿನ್ನೆಲೆಯುಂಟು. ನವರಾತ್ರಿ ಬಂದಿತೆಂದರೆ ಪಟ್ಟದ ಗೊಂಬೆಗಳಿಗೆ ಮೆಟ್ಟಿಲಿನ ಮೇಲೆ ರಾಜಮರ್ಯಾದೆ. ಬಟ್ಟೆಗೊಂಬೆಗೆ ಮಾತ್ರ ಹೇಳಿಕೊಳ್ಳಲು ಊರಿಲ್ಲ, ಮನೆತನವಿಲ್ಲ. ಮಧ್ಯಾಹ್ನದ ಕೆಲಸಗಳೆಲ್ಲ ಮುಗಿದ ಮೇಲೆ, ಮಿಕ್ಕ ಬಟ್ಟೆಯ ತುಂಡುಗಳನ್ನು ಮುಂದೆ ಹರಡಿಕೊಂಡು ತಾಯಿಯೊಬ್ಬಳು ಕುಳಿತಾಗ ಅದು ಹುಟ್ಟುತ್ತದೆ. ಅದನ್ನು ಮಾಡಿದವಳ ಹೆಸರು ಯಾವ ಪುಸ್ತಕದಲ್ಲಿಯೂ ಇರುವುದಿಲ್ಲ.

ಹಾಗೆಂದು ಅದು ಅಲ್ಪವಾದುದೆಂದು ತಿಳಿಯಬಾರದು. ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಈಜಿಪ್ಟ್ ದೇಶದಲ್ಲಿ ದೊರೆತ, ರೋಮನ್ನರ ಆಳ್ವಿಕೆಯ ಕಾಲದ ಒಂದು ಬಟ್ಟೆಗೊಂಬೆಯಿದೆ. ಒರಟಾದ ನಾರುಬಟ್ಟೆಯನ್ನು ಹೊಲಿದು, ಒಳಗೆ ಚಿಂದಿಯನ್ನೂ ಪ್ಯಾಪಿರಸ್ಸಿನ ಚೂರುಗಳನ್ನೂ ತುರುಕಿ ಅದನ್ನು ಮಾಡಿದ್ದಾರೆ. ಸಾವಿರದೈನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ನೈಲ್ ನದಿಯ ನಾಡಿನ ತಾಯಿಯೊಬ್ಬಳು ಮಾಡಿದ ಕೆಲಸಕ್ಕೂ ನಮ್ಮ ಅಜ್ಜಿಯರು ಮಾಡುತ್ತಿದ್ದ ಕೆಲಸಕ್ಕೂ ಎಷ್ಟು ವ್ಯತ್ಯಾಸ? ಒಳಗೆ ತುಂಬಿದ ಚಿಂದಿಯ ಬಣ್ಣವಷ್ಟೇ ಬೇರೆ!

ಇನ್ನು ಜರ್ಮನಿಯ ಗೀಂಗೆನ್ ಎಂಬ ಪಟ್ಟಣದ ಮಾರ್ಗರೇಟೆ ಷ್ಟೈಫ್ ಎಂಬಾಕೆಯ ಕಥೆಯನ್ನು ನೋಡಿ. ಆಕೆ ಹುಟ್ಟಿದ್ದು 1847ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಪೋಲಿಯೋ ರೋಗಕ್ಕೆ ತುತ್ತಾಗಿ ಆಕೆಯ ಕಾಲುಗಳು ನಡೆಯುವ ಶಕ್ತಿಯನ್ನು ಕಳೆದುಕೊಂಡವು, ಬಲಗೈಯೂ ದುರ್ಬಲವಾಯಿತು. ಆದರೂ ಆಕೆ ಹೊಲಿಗೆಯನ್ನು ಕಲಿತಳು. 1880ರಲ್ಲಿ, ಸೂಜಿಗಳನ್ನು ಚುಚ್ಚಿಡುವ ಮೆತ್ತೆಯಾಗಲೆಂದು ಉಣ್ಣೆಯ ಫೆಲ್ಟ್ ಬಟ್ಟೆಯಿಂದ ಪುಟ್ಟ ಆನೆಯೊಂದನ್ನು ಮಾಡಿದಳು. ಮಕ್ಕಳು ಅದನ್ನು ಕಂಡು ಆಟಕ್ಕೆ ಎತ್ತಿಕೊಂಡರು. ಸೂಜಿಗಾಗಿ ಹುಟ್ಟಿದ ಆನೆ ಆಟಿಕೆಯಾಯಿತು. ಆ ಆನೆಯಿಂದ ಲೋಕಪ್ರಸಿದ್ಧವಾದ ಒಂದು ಆಟಿಕೆಯ ಕಾರ್ಖಾನೆಯೇ ಬೆಳೆಯಿತು. ಕೈಕಾಲು ಆಡಿಸಬಹುದಾದ ಕರಡಿಯನ್ನು 1902ರಲ್ಲಿ ರೂಪಿಸಿದವನು ಆಕೆಯ ಸೋದರನ ಮಗ ರಿಚರ್ಡ್. ಮನೆಯ ಮೂಲೆಯಲ್ಲಿ ನಡೆಯುವ ಕೆಲಸವೆಂದು ಯಾವುದನ್ನೂ ಹಗುರವಾಗಿ ಕಾಣಲಾಗದು.

ನನಗೆ ಈ ವಿದ್ಯೆಯನ್ನು ಕಲಿಸಿದವಳು ನಮ್ಮ ದೊಡ್ಡವ್ವ. ಧಾರವಾಡದ ಕಡೆಯ ಹಳ್ಳಿಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಸಾಲುಸಾಲಾಗಿ ಹೊಲಿದು ಕೌದಿಯನ್ನು ಮಾಡುವ ರೂಢಿಯಿದೆ. ಕೌದಿಯ ಕೆಲಸದಲ್ಲಿ ಉಳಿದ ತುಂಡುಗಳು ದೊಡ್ಡವ್ವನ ಕೈಯಲ್ಲಿ ಪ್ರಾಣಿಗಳಾಗುತ್ತಿದ್ದವು. ಇಳಕಲ್ಲ ಸೀರೆಯ ಮೈ, ಗುಳೇದಗುಡ್ಡದ ಖಣದ ಕಿವಿ, ಗುಲಗಂಜಿಯ ಕಣ್ಣು: ಇಷ್ಟಾದರೆ ಒಂದು ಆನೆ ಸಿದ್ಧ. ಅಂಥ ಆನೆ ಹರಿದಾಗ ಅವಳು ಹೊಸತನ್ನು ಮಾಡಿಕೊಡುತ್ತಿರಲಿಲ್ಲ, ಹಳೆಯದನ್ನೇ ಸರಿಪಡಿಸುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದೆ. ಅಂಗಡಿಯಿಂದ ತಂದ ಗಟ್ಟಿ ದಾರವಿದ್ದರೂ ಅದನ್ನು ಬಿಟ್ಟು, ಹಳೆಯ ಧೋತರದ ಅಂಚಿನಿಂದ ಎಳೆದ ನೂಲನ್ನೇ ಅವಳು ಕೇಳುತ್ತಿದ್ದಳು. ಏಕೆಂದು ವಿಚಾರಿಸಿದಾಗ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ:

“ತಮ್ಮಾ, ನೂಲು ಅರಿವಿಗಿಂತ ಗಟ್ಟಿ ಇರಬಾರದು. ನಾಳೆ ಯಾರರೆ ಜಗ್ಗಿದ್ರ ನೂಲು ಹರೀಬೇಕು, ಅರಿವಿ ಹರೀಬಾರದು.”

ಇದರ ಅರ್ಥ ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಹಳೆಯ ಬಟ್ಟೆಯನ್ನು ನೈಲಾನಿನ ದಾರದಿಂದ ಹೊಲಿದರೆ ಹೊಲಿಗೆ ಗಟ್ಟಿಯಾಗಿಯೇ ನಿಲ್ಲುತ್ತದೆ. ಆದರೆ ಎಳೆತ ಬಿದ್ದಾಗ ಆ ದಾರ ಜಗ್ಗದೆ, ಸೋತ ಬಟ್ಟೆಯನ್ನು ಚಾಕುವಿನಂತೆ ಕೊಯ್ಯುತ್ತದೆ. ದಾರ ಹರಿದರೆ ಮತ್ತೆ ಹೊಲಿಯಬಹುದು. ಬಟ್ಟೆ ಹರಿದರೆ ಹೊಲಿಯಲು ಜಾಗವೇ ಉಳಿಯುವುದಿಲ್ಲ. ವಸ್ತುಸಂಗ್ರಹಾಲಯಗಳಲ್ಲಿ ಪ್ರಾಚೀನ ವಸ್ತ್ರಗಳನ್ನು ಕಾಪಾಡುವ ತಜ್ಞರೂ ಈ ನಿಯಮವನ್ನೇ ಪಾಲಿಸುತ್ತಾರೆ. ಅವರು ಇನ್ನೊಂದು ಮಾತನ್ನೂ ಸೇರಿಸುತ್ತಾರೆ: ಮಾಡಿದ ದುರಸ್ತಿ ಬೇಕೆಂದಾಗ ಬಿಚ್ಚಲು ಬರುವಂತಿರಬೇಕು. ಹೊಲಿಗೆಯನ್ನು ಬಿಚ್ಚಬಹುದು, ಅಂಟಿನಿಂದ ಮೆತ್ತಿದ್ದನ್ನು ಬಿಡಿಸುವುದು ಕಷ್ಟ. ಆದುದರಿಂದ ನನ್ನ ಮೇಜಿನ ಮೇಲೆ ಅಂಟಿನ ಡಬ್ಬಿಗೆ ಸ್ಥಳವಿಲ್ಲ.

ವೈದ್ಯನು ಮೊದಲು ನಾಡಿಯನ್ನು ನೋಡುವಂತೆ, ಗೊಂಬೆ ಬಂದ ಕೂಡಲೆ ಅದರ ಒಳಗೇನಿದೆ ಎಂದು ನಾನು ಕೈಯಿಂದ ಒತ್ತಿ ನೋಡುತ್ತೇನೆ. ಗಂಟುಗಂಟಾಗಿ ಸಿಕ್ಕಿದರೆ ಹತ್ತಿ. ಹಗುರವಾಗಿ, ರೇಷ್ಮೆಯಂತೆ ಜಾರಿದರೆ ಬೂರುಗದ ಅರಳೆ. ಭಾರವಾಗಿ, ಮರಳಿನಂತೆ ಸರಿದರೆ ಮರದ ಹೊಟ್ಟು. ಯೂರೋಪಿನ ಹಳೆಯ ಕರಡಿಗಳಾದರೆ ಮರದ ಸಣ್ಣ ಎಳೆಗಳನ್ನು ತುಂಬಿರುತ್ತಾರೆ. ಅವನ್ನು ಒತ್ತಿದರೆ ಚರಚರ ಸದ್ದು. ಇದನ್ನು ತಿಳಿಯದೆ ಗೊಂಬೆಯನ್ನು ನೀರಿಗೆ ಅದ್ದುವುದು ಅಪಾಯ. ಮರದ ಹೊಟ್ಟು ನೀರು ಕುಡಿದು ಉಬ್ಬುತ್ತದೆ, ಕಂದು ಬಣ್ಣವನ್ನು ಬಿಟ್ಟು ಹೊರಬಟ್ಟೆಯನ್ನೂ ಕೆಡಿಸುತ್ತದೆ. ಹತ್ತಿ ಮುದ್ದೆಯಾಗಿ, ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಬೂಷ್ಟು ಬೆಳೆಯುತ್ತದೆ. ಶುಚಿ ಮಾಡಲು ಹೊರಟವನು ರೋಗವನ್ನು ತಂದಂತಾಗುತ್ತದೆ.

ಆದುದರಿಂದ ಮೊದಲ ಚಿಕಿತ್ಸೆ ಒಣ ಚಿಕಿತ್ಸೆ. ಮೃದುವಾದ ಕುಂಚದಿಂದ ಧೂಳನ್ನು ಹೊಲಿಗೆಯ ಸಂದುಗಳಿಂದ ಹೊರಕ್ಕೆ ತರುವುದು. ಧೂಳು ಹೀರುವ ಯಂತ್ರವಿದ್ದರೆ ಅದರ ಬಾಯಿಗೆ ತೆಳುವಾದ ಜಾಳು ಬಟ್ಟೆಯನ್ನು ಕಟ್ಟಿ, ಗೊಂಬೆಯನ್ನು ಮುಟ್ಟದಂತೆ ಹಿಡಿಯುವುದು. ಬಳಿಕ ಬಣ್ಣದ ಪರೀಕ್ಷೆ. ಒದ್ದೆ ಮಾಡಿದ ಬಿಳಿಯ ಬಟ್ಟೆಯ ತುದಿಯನ್ನು ಗೊಂಬೆಯ ಕಾಣದ ಭಾಗವೊಂದಕ್ಕೆ ಒತ್ತಿ ಹಿಡಿಯಬೇಕು. ಬಿಳಿಯ ಬಟ್ಟೆಗೆ ಬಣ್ಣ ಹತ್ತಿತೋ, ಆ ಗೊಂಬೆಗೂ ನೀರಿಗೂ ದೂರ. ಬಣ್ಣ ಬಿಡದಿದ್ದರೆ ಅಂಟುವಾಳದ ಕಾಯಿಯನ್ನು ನೆನೆಸಿ ತೆಗೆದ ನೊರೆಯನ್ನು ಮಾತ್ರ ಮೆತ್ತನೆಯ ಬಟ್ಟೆಯಿಂದ ಮೈಮೇಲೆ ಸವರಿ, ನೀರನ್ನು ಚೆನ್ನಾಗಿ ಹಿಂಡಿದ ಇನ್ನೊಂದು ಬಟ್ಟೆಯಿಂದ ಒರೆಸುತ್ತೇನೆ. ಒಣಗಿಸುವುದು ಗಾಳಿಯಾಡುವ ನೆರಳಿನಲ್ಲಿ. ಬಿಸಿಲು ತೇವವನ್ನು ಬೇಗ ಹೀರುತ್ತದೆಂಬುದು ನಿಜ. ಆದರೆ ಅದರೊಡನೆ ಬಣ್ಣವನ್ನೂ ಬಟ್ಟೆಯ ಬಲವನ್ನೂ ಹೀರಿಬಿಡುತ್ತದೆ.

ಉಣ್ಣೆಯ ಗೊಂಬೆಗಳಿಗೆ ನುಸಿಯ ಕಾಟ ಬೇರೆ. ಹಾರಾಡುವ ಪತಂಗವೇ ಬಟ್ಟೆಯನ್ನು ತಿನ್ನುತ್ತದೆಂದು ಬಹುಮಂದಿಯ ನಂಬಿಕೆ. ನಿಜವಾಗಿ ತಿನ್ನುವುದು ಅದರ ಮೊಟ್ಟೆಯಿಂದ ಹೊರಬಂದ ಮರಿಹುಳು. ಸಂಗ್ರಹಾಲಯಗಳಲ್ಲಿ ಅಂಥ ವಸ್ತುಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕೂ ಕಡಿಮೆ ಶೀತದಲ್ಲಿ ಒಂದೆರಡು ವಾರ ಇಟ್ಟು ಹುಳುಗಳನ್ನು ಕೊಲ್ಲುತ್ತಾರೆ. ವಿಷವಿಲ್ಲ, ಹೊಗೆಯಿಲ್ಲ; ಚಳಿಯೇ ಔಷಧ.

ಇಷ್ಟೆಲ್ಲ ತಿಳಿದುಕೊಂಡರೆ ಗೊಂಬೆಯ ವೈದ್ಯ ಪೂರ್ತಿಯಾಯಿತೆಂದು ನೀವು ಭಾವಿಸಬಹುದು. ನಿಜವಾದ ಕಷ್ಟ ಇನ್ನು ಮೇಲೆ. ಯಾವುದನ್ನು ಸರಿಪಡಿಸಬೇಕು, ಯಾವುದನ್ನು ಮುಟ್ಟದೆ ಬಿಡಬೇಕು ಎಂಬ ಪ್ರಶ್ನೆಗೆ ಕುಂಚವೂ ಉತ್ತರ ಹೇಳದು, ಸೂಜಿಯೂ ಹೇಳದು. ಈ ಪ್ರಶ್ನೆಯನ್ನು ನನ್ನ ಮುಂದೆ ಅತಿ ಗಟ್ಟಿಯಾಗಿ ಇಟ್ಟದ್ದು ಒಂದು ಬಟ್ಟೆಯ ಕುದುರೆ.

ಅದನ್ನು ತಂದವಳು ನಮ್ಮ ಓಣಿಗೆ ಹೊಸದಾಗಿ ಬಂದ ಶಿಕ್ಷಕಿ. ಅವಳ ತಾಯಿ ಅವಳಿಗಾಗಿ ಹೊಲಿದ ಕುದುರೆ ಅದು. ತಾಯಿ ತೀರಿಕೊಂಡು ಕೆಲವು ತಿಂಗಳಾಗಿದ್ದವು. ಮನೆಯನ್ನು ಬರಿದು ಮಾಡುವಾಗ ಟ್ರಂಕಿನ ತಳದಲ್ಲಿ ಕುದುರೆ ಸಿಕ್ಕಿತ್ತು. ಅವಳ ಎರಡು ವರ್ಷದ ಮಗ ಅದನ್ನು ಕಂಡು ಬಿಡದೆ ಹಿಡಿದುಕೊಂಡಿದ್ದ. ಹೊಟ್ಟೆಯ ಹೊಲಿಗೆ ಬಿಟ್ಟಿತ್ತು. ಒಂದು ಕಾಲು ನೇತಾಡುತ್ತಿತ್ತು. ಮೈಯೆಲ್ಲ ಕಂದಿ, ಮುಗ್ಗುಲು ವಾಸನೆ ಬರುತ್ತಿತ್ತು. ಮುಖದಲ್ಲಿ ಮಾತ್ರ ಎರಡು ಗುಲಗಂಜಿಗಳು, ಇಷ್ಟು ವರ್ಷಗಳಾದರೂ, ಕೆಂಪಗೆ ಹೊಳೆಯುತ್ತಿದ್ದವು.

“ಏನೂ ಬದಲು ಮಾಡಬ್ಯಾಡ್ರಿ ಕಾಕಾ. ನನ್ನ ಮಗ ಆಡೂಹಂಗ ಆದ್ರ ಸಾಕು” ಎಂದಳು.

ಅವಳು ಒಂದೇ ಉಸಿರಿನಲ್ಲಿ ಕೇಳಿದ್ದು ಎರಡು ಬೇಡಿಕೆಗಳನ್ನು, ಮತ್ತು ಅವು ಒಂದಕ್ಕೊಂದು ವಿರೋಧವಾಗಿದ್ದವು. ಗುಲಗಂಜಿ ನೋಡಲು ಎಷ್ಟು ಸುಂದರವೋ ಅಷ್ಟೇ ವಿಷಕಾರಿ. ಅದರ ಗಟ್ಟಿಯಾದ ಸಿಪ್ಪೆ ಇಡಿಯಾಗಿರುವವರೆಗೆ ವಿಷ ಒಳಗೆ ಬಂಧಿಯಾಗಿರುತ್ತದೆ. ಆದರೆ ಹೊಲಿಯಲೆಂದು ತೂತು ಕೊರೆದ ಬೀಜದಲ್ಲಿ ಆ ಸಿಪ್ಪೆಯೇ ಒಡೆದಿರುತ್ತದೆ. ಸಿಕ್ಕಿದ್ದನ್ನೆಲ್ಲ ಬಾಯಿಗಿಡುವ ವಯಸ್ಸಿನ ಮಗುವಿನ ಕೈಗೆ ಅದನ್ನು ಕೊಡಲಾಗದು. ಗುಂಡಿಗಳಾದರೂ ಅಷ್ಟೆ, ಕಿತ್ತುಬಂದರೆ ಗಂಟಲಿನಲ್ಲಿ ಸಿಕ್ಕುತ್ತವೆ. ಇದನ್ನು ವಿವರಿಸಿದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು.

“ಕಣ್ಣು ತಗದ್ರ ಅದು ನಮ್ಮವ್ವ ಮಾಡಿದ ಕುದುರಿ ಹೆಂಗ ಆದೀತು?” ಎಂದಳು ಕೊನೆಗೆ.

ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. “ಮೊದಲ ಹೊಟ್ಟೀ ಹೊಲಿಗಿ ನೋಡೂಣು, ತಂಗೀ” ಎಂದು ಕೆಲಸಕ್ಕೆ ತೊಡಗಿದೆ. ಸಡಿಲಗೊಂಡಿದ್ದ ಹೊಲಿಗೆಯನ್ನು ಇನ್ನಷ್ಟು ಬಿಡಿಸಿ, ಒಳಗಿನ ಹತ್ತಿಯನ್ನು ಚಿಮುಟಿಗೆಯಿಂದ ಸ್ವಲ್ಪಸ್ವಲ್ಪವಾಗಿ ಹೊರಕ್ಕೆ ತೆಗೆದೆ. ಹತ್ತಿ ತೇವ ಹಿಡಿದು ಕಪ್ಪಾಗಿತ್ತು. ಅದರ ನಡುವೆ, ಕುದುರೆಯ ಎದೆಯ ಭಾಗದಲ್ಲಿ, ಬಿಗಿಯಾಗಿ ಸುತ್ತಿದ ಬಟ್ಟೆಯೊಂದು ಕೈಗೆ ಸಿಕ್ಕಿತು. ಬಿಡಿಸಿ ನೋಡಿದರೆ ಹಸುಗೂಸಿನ ಕುಲಾವಿ! ಹಸುರು ಖಣದ್ದು, ಅಂಚಿಗೆ ಕೆಂಪು ದಾರದ ಕಸೂತಿ. ಹೊರಗಿನ ಬಟ್ಟೆಯೆಲ್ಲ ಮಾಸಿದ್ದರೂ ಬೆಳಕು ಕಾಣದೆ ಒಳಗಿದ್ದ ಕುಲಾವಿಯ ಬಣ್ಣ ಹೊಸತಿನಂತೆಯೇ ಇತ್ತು. ಆ ಕುಲಾವಿಯನ್ನು ತೊಟ್ಟ ಕೂಸು ತನ್ನ ಮುಂದೆ ಕುಳಿತಿರುವ ಇವಳೇ ಎಂದು ತಿಳಿಯಲು ಯಾರ ಸಾಕ್ಷಿಯೂ ಬೇಕಾಗಿರಲಿಲ್ಲ. ಅವಳ ಮನೆಯ ಹಳೆಯ ಫೋಟೋವೊಂದರಲ್ಲಿ ಅದೇ ಕುಲಾವಿ ಇದ್ದಿತಂತೆ.

ಮಗಳು ಬೆಳೆದಳು, ಕುಲಾವಿ ಚಿಕ್ಕದಾಯಿತು. ತಾಯಿ ಅದನ್ನು ಎಸೆಯಲಿಲ್ಲ, ಯಾರಿಗೂ ಕೊಡಲಿಲ್ಲ. ಮಗಳ ಕುದುರೆಗೆ ಎದೆಯನ್ನಾಗಿ ಮಾಡಿದಳು. ಅದನ್ನು ಮಗಳಿಗೂ ಹೇಳಲಿಲ್ಲ. ಮಗಳು ಬಾಲ್ಯವೆಲ್ಲ ಅದನ್ನು ಅಪ್ಪಿಕೊಂಡು ಮಲಗಿದ್ದಳು.

ಅವಳು ಕುಲಾವಿಯನ್ನು ಮಡಿಲಿನಲ್ಲಿ ಇಟ್ಟುಕೊಂಡು ಕುಳಿತಳು. ಒಯ್ದು ಪೆಟ್ಟಿಗೆಯಲ್ಲಿ ಕಾಪಾಡಬಹುದೆಂದು ನಾನು ಹೇಳಿದೆ. ತುಸು ಹೊತ್ತು ಯೋಚಿಸಿ ಅವಳೇ ತೀರ್ಮಾನ ಮಾಡಿದಳು:

“ಇದನ್ನ ಅವ್ವ ಎಲ್ಲಿ ಇಟ್ಟಿದ್ದಳೋ ಅಲ್ಲೇ ಇಡ್ರಿ ಕಾಕಾ. ಕಣ್ಣು ಬೇಕಾದ್ರ ತಗೀರಿ. ಅವ್ವ ಇದ್ದಿದ್ರ ಮೊಮ್ಮಗನ ಸಲುವಾಗಿ ತಾನ ತಗೀತಿದ್ದಳು.”

ನಾನು ಹೇಳಲಾರದೆ ಹೋದ ಉತ್ತರವನ್ನು ಅವಳೇ ಕಂಡುಕೊಂಡಿದ್ದಳು. ತಾಯಿ ಹೊಲಿದ ಕಣ್ಣು ಮುಖ್ಯವೋ, ಆ ಕಣ್ಣನ್ನು ಹೊಲಿಯುವಂತೆ ಮಾಡಿದ ಅಕ್ಕರೆ ಮುಖ್ಯವೋ? ಮಗುವಿನ ಸಂತೋಷಕ್ಕಾಗಿ ಹುಟ್ಟಿದ ಕುದುರೆಯಿಂದ ಮಗುವಿಗೇ ಕೇಡಾಗುವುದನ್ನು ಯಾವ ತಾಯಿ ಒಪ್ಪಿಯಾಳು? ಗುಲಗಂಜಿಗಳನ್ನು ಬಿಡಿಸಿ ಸಣ್ಣ ಶೀಶೆಯಲ್ಲಿ ಹಾಕಿ, ಮಗುವಿಗೆ ಎಟುಕದಂತೆ ಎತ್ತರದಲ್ಲಿಡಲು ಹೇಳಿ ಅವಳಿಗೆ ಕೊಟ್ಟೆ. ಅವಿದ್ದ ಸ್ಥಳದಲ್ಲಿಯೇ ಕೆಂಪು, ಕಪ್ಪು ದಾರಗಳಿಂದ ಅದೇ ಅಳತೆಯ ಕಣ್ಣುಗಳನ್ನು ಕಸೂತಿ ಮಾಡಿದೆ. ಕೆಟ್ಟ ಹತ್ತಿಯನ್ನು ತೆಗೆದು ಹೊಸ ಹತ್ತಿಯನ್ನು ಹಿಂಜಿ ತುಂಬಿದೆ. ಕುಲಾವಿಯನ್ನು ಮೊದಲಿನಂತೆಯೇ ಸುತ್ತಿ ಎದೆಯೊಳಗೆ ಇಟ್ಟೆ. ನೇತಾಡುತ್ತಿದ್ದ ಕಾಲಿಗೆ, ಹರಿದ ಜಾಗವನ್ನು ದಾಟಿ ಗಟ್ಟಿಯಾದ ಬಟ್ಟೆಯನ್ನು ಮುಟ್ಟುವಷ್ಟು ದೊಡ್ಡದಾದ ತೇಪೆಯನ್ನು ಒಳಗಡೆಯಿಂದ ಹಚ್ಚಿದೆ. ತಾಯಿಯ ಹೊಲಿಗೆ ಎಲ್ಲೆಲ್ಲಿ ಗಟ್ಟಿಯಾಗಿತ್ತೋ ಅಲ್ಲೆಲ್ಲ ಅದನ್ನು ಹಾಗೆಯೇ ಬಿಟ್ಟೆ. ಅವು ಅಂಕುಡೊಂಕಾಗಿದ್ದವು, ಒಂದು ಕಡೆ ಗಂಟು ದೊಡ್ಡದಾಗಿತ್ತು. ಅವನ್ನು ನೇರ ಮಾಡುವ ಆಸೆ ಯಾವ ಹೊಲಿಗೆಯವನಿಗಾದರೂ ಬರುತ್ತದೆ. ಆ ಆಸೆಯನ್ನು ತಡೆಯುವುದೂ ಕಸುಬಿನ ಒಂದು ಭಾಗ.

ಇಂಥ ಸಂಯಮವನ್ನು ದೊಡ್ಡ ಸಂಸ್ಥೆಗಳೂ ತೋರುತ್ತವೆ. ಇಂಗ್ಲಿಷ್ ಲೇಖಕ ಎ. ಎ. ಮಿಲ್ನ್ ತನ್ನ ಮಗನ ಆಟಿಕೆಗಳನ್ನೇ ಪಾತ್ರಗಳನ್ನಾಗಿ ಮಾಡಿ ‘ವಿನ್ನಿ-ದ-ಪೂ’ ಎಂಬ ಕರಡಿಯ ಕಥೆಗಳನ್ನು ಬರೆದನು. 1921ರಲ್ಲಿ ಮಗನ ಮೊದಲ ಹುಟ್ಟುಹಬ್ಬಕ್ಕೆ ಕೊಂಡ ಆ ಕರಡಿಯೂ ಅದರ ಸಂಗಡಿಗರಾದ ಕತ್ತೆ, ಹಂದಿಮರಿ ಮೊದಲಾದವೂ 1987ರಿಂದ ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯದಲ್ಲಿವೆ. ತಜ್ಞರು ಒಂದು ವರ್ಷಕ್ಕೂ ಮಿಗಿಲಾಗಿ ಶ್ರಮಿಸಿ ಅವುಗಳ ದುರಸ್ತಿಯನ್ನು 2016ರಲ್ಲಿ ಮುಗಿಸಿದರು. ಅವರು ಅವನ್ನು ಹೊಸ ಗೊಂಬೆಗಳನ್ನಾಗಿ ಮಾಡಲಿಲ್ಲ. ಒಬ್ಬ ಹುಡುಗ ಎಳೆದಾಡಿ ಆಡಿದ ಗುರುತುಗಳನ್ನು ಉಳಿಸಿಕೊಂಡೇ ಅವು ಗಾಜಿನ ಹಿಂದೆ ಕುಳಿತಿವೆ. ಆ ಗೊಂಬೆಗಳಿಗೆ ಆಟ ಮುಗಿದಿದೆ. ಇನ್ನು ನೋಡುವವರಿಗಾಗಿ ಬದುಕಬೇಕು. ನನ್ನ ಮೇಜಿಗೆ ಬರುವ ಗೊಂಬೆಗಳಿಗಾದರೆ ಆಟ ಮತ್ತೆ ಆರಂಭವಾಗಬೇಕು. ಅಲ್ಲಿನ ದುರಸ್ತಿಗೂ ಇಲ್ಲಿನ ದುರಸ್ತಿಗೂ ಇರುವ ವ್ಯತ್ಯಾಸ ಇಷ್ಟೆ. ಮಾಡಿದ ಕೈಯನ್ನು ಮರೆಸಬಾರದೆಂಬ ನಿಯಮ ಎರಡಕ್ಕೂ ಒಂದೇ.

ಕುದುರೆ ಮನೆಗೆ ಹೋದ ದಿನವೇ ಆ ಹುಡುಗ ಅದರ ಕಾಲನ್ನು ಹಿಡಿದು ಅಂಗಳದ ತುಂಬ ಎಳೆದಾಡಿದನಂತೆ. ತಾಯಿ ಗಾಬರಿಯಾಗಿ ಬಂದು ಹೇಳಿದಳು. ತೇಪೆ ತಡೆದಿದೆಯೆ ಎಂದು ಕೇಳಿದೆ, ತಡೆದಿದೆ ಎಂದಳು. ಒಂದು ಕಡೆ ನೂಲು ಹರಿದಿತ್ತು. ಬಟ್ಟೆಗೆ ಏನೂ ಆಗಿರಲಿಲ್ಲ. ದೊಡ್ಡವ್ವನ ಮಾತು ಮತ್ತೊಮ್ಮೆ ನಿಜವಾಯಿತು.

ಇಂದು ಅಂಗಡಿಗಳಲ್ಲಿ ರಾಶಿ ರಾಶಿಯಾಗಿ ಮೆತ್ತನೆಯ ಗೊಂಬೆಗಳು ದೊರೆಯುತ್ತವೆ. ಅವುಗಳ ಹೊಟ್ಟೆಯಲ್ಲಿ ಪಾಲಿಯೆಸ್ಟರ್ ನಾರು. ಬೇಕಾದಂತೆ ತೊಳೆಯಬಹುದು, ಬೇಗ ಒಣಗುತ್ತವೆ. ಅವನ್ನು ನಾನು ಜರಿಯುವುದಿಲ್ಲ. ಅಪ್ಪಿಕೊಂಡ ಮಗುವಿಗೆ ಅವೂ ಪ್ರಿಯವೇ. ಆದರೆ ಒಂದು ಹೊಲಿಗೆ ಬಿಟ್ಟಿತೆಂದು ಅವು ಕಸದ ಬುಟ್ಟಿಯನ್ನು ಸೇರುವುದನ್ನು ಕಂಡಾಗ ಮನಸ್ಸಿಗೆ ನೋವಾಗುತ್ತದೆ. ಹತ್ತು ನಿಮಿಷದ ಕೆಲಸ, ಒಂದು ಮೊಳ ನೂಲು: ಇಷ್ಟರಿಂದ ಉಳಿಯಬಹುದಾದದ್ದನ್ನು ಕಳೆದುಕೊಳ್ಳುವುದೇಕೆ? ಸೂಜಿ ಹಿಡಿಯುವುದು ಹುಡುಗಿಯರ ಕೆಲಸವೆಂದು ನಿಮ್ಮಲ್ಲಿ ಯಾವ ಹುಡುಗನಾದರೂ ಭಾವಿಸಿದ್ದರೆ ಅವನು ನಮ್ಮ ಜಗುಲಿಗೆ ಬರಲಿ, ಸಂತೋಷದಿಂದ ಕಲಿಸುತ್ತೇನೆ.

ನಿಮ್ಮ ಮನೆಯ ಅಟ್ಟದಲ್ಲಿಯೂ ಇಂಥದೊಂದು ಗೊಂಬೆ ಇದ್ದೀತು. ಅದು ಕೈಗೆ ಸಿಕ್ಕಿದಾಗ ಮೊದಲು ಮನೆಯ ಹಿರಿಯರನ್ನು ಕೇಳಿ: ಇದನ್ನು ಹೊಲಿದವರು ಯಾರು? ಈ ಬಟ್ಟೆ ಯಾರ ಸೀರೆಯದು? ಒಳಗೆ ಏನನ್ನು ತುಂಬಿದ್ದಾರೆ? ಹೇಳಬಲ್ಲವರು ಇರುವಾಗಲೇ ಕೇಳಬೇಕು. ನೀರು, ಅಂಟುವಾಳ, ಸೂಜಿ, ದಾರಗಳ ಸರದಿ ಆಮೇಲೆ.